ಇದ್ದದ್ದು ಎಂಟು, ಕಂಡದ್ದು ಮೂರೂಕಾಲು

ಹೋಟೆಲಿನ ಉಗ್ರಾಣಕ್ಕೆ ಅಕ್ಕಿ ಬಂದಾಗ ನಾವು ಏನು ಮಾಡುತ್ತೇವೆ? ಗಾಡಿಯವನು ಹತ್ತು ಮೂಟೆ ಎಂದು ಚೀಟಿ ಚಾಚಿದರೆ, ಚೀಟಿಯನ್ನು ಮಾತ್ರ ನೋಡಿ ರುಜು ಹಾಕುವವರು ನಮ್ಮಲ್ಲಿ ಯಾರೂ ಇಲ್ಲ. ಮೂಟೆ ಎಣಿಸುತ್ತೇವೆ, ಒಂದೆರಡನ್ನು ತಕ್ಕಡಿಗೆ ಹಾಕುತ್ತೇವೆ, ಬಾಯಿ ಬಿಚ್ಚಿ ಒಂದು ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತೇವೆ. ಗಿರಣಿಯ ಬಂಧುಗಳಿಗಂತೂ ಹೇಳಬೇಕಾದ್ದೇ ಇಲ್ಲ. ನೇಯ್ದ ಬಟ್ಟೆಯ ಲೆಕ್ಕದಲ್ಲಿ ಒಂದು ಗಜ ಕಡಿಮೆ ಬರೆದರೆ ಅಂದೇ ಸಂಜೆ ಜಾಬರನನ್ನು ಹಿಡಿದು ಕೇಳಿದವರು ಅವರು. ಇಷ್ಟು ಎಚ್ಚರವಿರತಕ್ಕ ನಾವು ಕಂಪ್ಯೂಟರ್ ಎಂಬ ಪೆಟ್ಟಿಗೆಯ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ. ಅಂಗಡಿಯವರು ಹೇಳಿದ್ದೇ ವೇದ, ಕೊಟ್ಟದ್ದೇ ಸರಕು. ಇದನ್ನು ಇತರರಿಗೆ ಬುದ್ಧಿ ಹೇಳುವುದಕ್ಕಾಗಿ ಬರೆಯುತ್ತಿಲ್ಲ. ಹೀಗೆ ಕೈಕಟ್ಟಿ ನಿಂತವರಲ್ಲಿ ಮೊದಲನೆಯವನು ನಾನೇ.

ಮುಂಬಯಿಯ ಕೋಟೆ ಭಾಗದಲ್ಲಿ ಸಪ್ಲೈಯರ್ ಆಗಿದ್ದು, ರಾತ್ರಿ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತು, ಅಲ್ಲಿಂದ ವಿಜಯವಾಡಕ್ಕೆ ಬಂದು ಗಲ್ಲಾದಲ್ಲಿ ಕುಳಿತವನು ನಾನು. ಈಗ ವಯಸ್ಸಾಯಿತೆಂದು ಹೋಟೆಲಿನ ಕೆಲಸ ಬಿಟ್ಟು, ವಿಜಯವಾಡ ಮತ್ತು ವಿಶಾಖಪಟ್ಟಣದಲ್ಲಿರುವ ನಮ್ಮವರ ಕಾಗದಪತ್ರಗಳನ್ನು ನೋಡಿಕೊಳ್ಳುತ್ತಿದ್ದೇನೆ. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ ಓಡಾಡುವುದೇ ನನ್ನ ಉದ್ಯೋಗ. ಎರಡು ಊರಿನಲ್ಲಿಯೂ ನಮ್ಮ ಕೋಣೆಯಲ್ಲಿ ಒಂದೊಂದು ಕಂಪ್ಯೂಟರ್ ಇದೆ. ಎರಡೂ ಹೊಸತಲ್ಲ, ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟದ್ದು.

ಸಂಗತಿ ಆರಂಭವಾದದ್ದು ವಿಶಾಖಪಟ್ಟಣದಲ್ಲಿ. ನಮ್ಮ ಅಡಿಗೆಯ ಭಟ್ಟರೊಬ್ಬರಿಗೆ, ಅವರ ಹೆಸರು ಇಲ್ಲಿ ಬೇಡ, ಕುಂದಾಪುರದ ಕಡೆಯವರು, 58 ವರ್ಷ ತುಂಬಿತು. ಇಪ್ಪತ್ತೇಳು ವರ್ಷ ಒಲೆಯ ಮುಂದೆ ನಿಂತ ಮನುಷ್ಯ. ಪ್ರಾವಿಡೆಂಟ್ ಫಂಡಿನ ಖಾತೆ ನೋಡಿದರೆ ಸೇವೆ ಎಂಟೇ ವರ್ಷ! 1995ರ ಪಿಂಚಣಿ ಯೋಜನೆಯ ಪ್ರಕಾರ ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ವಿಚಾರಿಸಿದಾಗ ತಿಳಿದದ್ದು: ಅವರು ಮೊದಲು ದುಡಿದ ಹೋಟೆಲಿನಲ್ಲಿ ಏಳು ವರ್ಷದ ಇನ್ನೊಂದು ಖಾತೆ ಇದೆ, ಅದು ಈಗಿನ ಯುಎಎನ್ ನಂಬರಿಗೆ ಸೇರಿಲ್ಲ. ಉಳಿದ ಹನ್ನೆರಡು ವರ್ಷ ಯಾವ ಪುಸ್ತಕದಲ್ಲಿಯೂ ಇಲ್ಲ, ಅದು ಬೇರೆ ಕಥೆ. ಏಳನ್ನೂ ಎಂಟನ್ನೂ ಕೂಡಿಸಿದರೆ ಹದಿನೈದು. ಭಟ್ಟರ ಮನೆಗೆ ಪ್ರತಿ ತಿಂಗಳೂ ಅಷ್ಟಿಷ್ಟು ಬರುತ್ತದೆ. ಕೂಡಿಸದಿದ್ದರೆ ತಿಂಗಳ ಪಿಂಚಣಿ ಇಲ್ಲ. ಆ ಕೂಡಿಸುವ ಕೆಲಸವೆಲ್ಲ ಈಗ ಕಂಪ್ಯೂಟರಿನಲ್ಲಿಯೇ ಆಗತಕ್ಕದ್ದು.

ನಮ್ಮ ಕಂಪ್ಯೂಟರೋ, ಮೂರು ಕಾಗದ ಸ್ಕ್ಯಾನ್ ಮಾಡಿ ನಾಲ್ಕನೆಯದಕ್ಕೆ ಬಂದರೆ ಮುದಿ ಎತ್ತಿನಂತೆ ಮಲಗಿಬಿಡುತ್ತಿತ್ತು. ಭಟ್ಟರು ಪೇಟೆಯ ಅಂಗಡಿಗೆ ಹೋಗಿ ಸಲಕ್ಕೆ ನೂರು ರೂಪಾಯಿ ತೆತ್ತು ಬರುತ್ತಿದ್ದರು. ನನಗೆ ಅವಮಾನವಾಯಿತು. ರಿಪೇರಿಯವರನ್ನು ಕೇಳಿದೆ. "ರ‍್ಯಾಮ್ ಸಾಲದು ರಾಯರೇ, ನಾಲ್ಕು ಜಿಬಿ ಇದೆ, ಇನ್ನೂ ನಾಲ್ಕು ಹಾಕಿಸಿ" ಎಂದರು. 2025ರ ಡಿಸೆಂಬರ್ ತಿಂಗಳು ಅದು. ಮೆಮೊರಿಯ ಬೆಲೆ ಏರುತ್ತಿದ್ದ ಕಾಲ. ಹತ್ತೊಂಬತ್ತು ನೂರು ರೂಪಾಯಿ ಕೊಟ್ಟು ಹಳೆಯ ಸ್ಟಿಕ್ ಒಂದನ್ನು ಹಾಕಿಸಿದೆ. ರಸೀತಿಯನ್ನು ಫೈಲಿನಲ್ಲಿಟ್ಟೆ. ಯಂತ್ರ ಮಾತ್ರ ಮೊದಲಿನಂತೆಯೇ ಮಲಗಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳುವುದು ಒಳ್ಳೆಯದು. ಫೋನು ಕೊಳ್ಳುವಾಗ 128 ಜಿಬಿ, 256 ಜಿಬಿ ಎನ್ನುತ್ತಾರಲ್ಲ, ಅದು ಉಗ್ರಾಣ. ಸಾಮಾನು ಕೂಡಿಡುವ ಜಾಗ. ರ‍್ಯಾಮ್ ಎಂದರೆ ಅಡಿಗೆಯ ಕಟ್ಟೆ. ಒಲೆ ಹೊತ್ತಿದ ಮೇಲೆ ಹೆಚ್ಚಿದ ತರಕಾರಿ, ಅರೆದ ಮಸಾಲೆ, ಕಲಸಿದ ಹಿಟ್ಟು ಎಲ್ಲವೂ ಕೈಗೆಟಕುವ ಹಾಗೆ ಕಟ್ಟೆಯ ಮೇಲೆ ಇರಬೇಕು. ಕಟ್ಟೆ ಚಿಕ್ಕದಾದರೆ ಭಟ್ಟರು ನಿಮಿಷಕ್ಕೊಮ್ಮೆ ಉಗ್ರಾಣಕ್ಕೆ ಓಡಬೇಕು. ಆಗ ದೋಸೆಗೆ ಕಾದು ಕುಳಿತ ಗಿರಾಕಿ ಎದ್ದುಹೋಗುತ್ತಾನೆ. ನಮ್ಮ ಯಂತ್ರದ ಕಾಯಿಲೆ ಇದೇ.

ಹಾಗಾದರೆ ಕಟ್ಟೆಯನ್ನು ಎರಡರಷ್ಟು ಮಾಡಿದರೂ ಓಟ ತಪ್ಪಲಿಲ್ಲವೇಕೆ? ಇದನ್ನು ಕಂಡುಹಿಡಿದದ್ದು ನಾನಲ್ಲ, ಅಂಗಡಿಯವರೂ ಅಲ್ಲ. ವಿಜಯವಾಡದ ನಮ್ಮ ಕ್ಲೀನರ್ ಒಬ್ಬರ ಮಗಳು, ಪಾಲಿಟೆಕ್ನಿಕ್ ಓದುವ ಹುಡುಗಿ, ಸಂಕ್ರಾಂತಿಯ ರಜೆಯಲ್ಲಿ ವಿಶಾಖಪಟ್ಟಣಕ್ಕೆ ಬಂದಿದ್ದಳು. ಯಂತ್ರದ ಗುಣಲಕ್ಷಣ ತೋರಿಸುವ ಪುಟವನ್ನು ತೆರೆದು, "ದೊಡ್ಡಪ್ಪ, ಇಲ್ಲಿ ಓದಿ" ಎಂದಳು. ಹಾಕಿರುವ ಮೆಮೊರಿ 8.00 ಜಿಬಿ, ಬಳಕೆಗೆ ಸಿಗುವುದು 3.24 ಜಿಬಿ. ಹೀಗೆಂದು ಯಂತ್ರವೇ ಬರೆದುಕೊಂಡಿದೆ! ಎಂಟಿದೆ ಎಂದು ಅದಕ್ಕೆ ಗೊತ್ತು. ಆದರೂ ಮೂರೂಕಾಲರ ಮೇಲೆ ಮುಟ್ಟುವುದಿಲ್ಲ. ನಾನು ಹಣ ಕೊಡುವ ಮೊದಲು ಆ ಒಂದು ಸಾಲನ್ನು ಓದಿದ್ದರೆ ಹತ್ತೊಂಬತ್ತು ನೂರು ರೂಪಾಯಿ ಉಳಿಯುತ್ತಿತ್ತು, ಏಕೆಂದರೆ ಆಗಲೂ ಅಲ್ಲಿ "4.00, ಬಳಕೆಗೆ 3.24" ಎಂದೇ ಇದ್ದಿರಬೇಕು.

ಕಾರಣವನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಟೋಕನಿನ ಕಥೆ. ಅಡಿಗೆಮನೆಯಲ್ಲಿ ಇನ್ನೂರು ತಟ್ಟೆ ತಿಂಡಿ ಸಿದ್ಧವಿರಲಿ. ಗಲ್ಲಾದಲ್ಲಿ ಇರುವ ಹಿತ್ತಾಳೆಯ ಟೋಕನುಗಳು ನೂರೇ ಆದರೆ ಒಮ್ಮೆಗೆ ನೂರು ತಟ್ಟೆಗಿಂತ ಹೆಚ್ಚು ಹೊರಬರುವಂತಿಲ್ಲ. ಕಂಪ್ಯೂಟರ್ ತನ್ನ ಮೆಮೊರಿಯ ಪ್ರತಿಯೊಂದು ಬೈಟನ್ನೂ ಒಂದು ನಂಬರಿನಿಂದ ಕರೆಯುತ್ತದೆ. 32 ಬಿಟ್ ಎಂಬ ಹಳೆಯ ಪದ್ಧತಿಯಲ್ಲಿ ಇಂಥ ನಂಬರುಗಳು ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296. ಇದನ್ನೇ ನಾಲ್ಕು ಜಿಬಿ ಎನ್ನುವುದು. ಅದರಾಚೆಗೆ ಟೋಕನಿಲ್ಲ.

ಸರಿ, ನಾಲ್ಕಾದರೂ ಸಿಗಬೇಕಿತ್ತಲ್ಲ, ಮೂರೂಕಾಲೇಕೆ? ಟೋಕನುಗಳಲ್ಲಿ ಕೊನೆಯ ಇಪ್ಪತ್ತನ್ನು ಪಾರ್ಸಲ್ ಕೌಂಟರಿಗೂ, ಫ್ಯಾಮಿಲಿ ರೂಮಿಗೂ, ಯಜಮಾನರ ಮನೆಯ ಊಟಕ್ಕೂ ತೆಗೆದಿಡುವ ಹೋಟೆಲುಗಳನ್ನು ನಾವು ಕಂಡಿಲ್ಲವೇ? ಹಾಗೆಯೇ ಈ ನಂಬರುಗಳ ಮೇಲುಗಡೆಯ ಭಾಗವನ್ನು ಚಿತ್ರ ತೋರಿಸುವ ಕಾರ್ಡು, ನೆಟ್‌ವರ್ಕ್ ಕಾರ್ಡು, ಶಬ್ದದ ಕಾರ್ಡು, ಯಂತ್ರವನ್ನು ಎಬ್ಬಿಸುವ ಬಯೋಸ್ ಇವುಗಳಿಗಾಗಿ ಮೀಸಲಿಡುತ್ತಾರೆ. ಅಷ್ಟು ನಂಬರುಗಳು ಅವುಗಳ ಪಾಲಾದ ಮೇಲೆ ಮೆಮೊರಿಗೆ ಉಳಿಯುವುದು ಮೂರೂಕಾಲೋ ಮೂರೂವರೆಯೋ. ಮೋಸವೂ ಅಲ್ಲ, ಕೆಟ್ಟದ್ದೂ ಅಲ್ಲ. ಈ ರೋಗ ಹೊಸತೂ ಅಲ್ಲ. 1981ರಲ್ಲಿ ಐಬಿಎಂ ಕಂಪೆನಿಯ ಪಿಸಿ ಬಂದಾಗ ಅದರ ಒಟ್ಟು ನಂಬರುಗಳು 10 ಲಕ್ಷ 48 ಸಾವಿರದ 576. ಅಂದರೆ 1024 ಕೆಬಿ. ಅದರಲ್ಲಿ 384 ಕೆಬಿಯನ್ನು ಪರದೆ ಮೊದಲಾದವುಗಳಿಗೆ ತೆಗೆದಿಟ್ಟು ಕೆಲಸಕ್ಕೆ 640 ಕೊಟ್ಟಿದ್ದರು. ಅಂದು 640, ಇಂದು ಮೂರೂಕಾಲು. ಲೆಕ್ಕ ದೊಡ್ಡದಾಯಿತು, ಪದ್ಧತಿ ಅದೇ.

ಆದರೆ ನನಗೆ ಸಿಟ್ಟು ಬಂದದ್ದು ಇದರ ಮುಂದಿನ ಭಾಗವನ್ನು ತಿಳಿದಾಗ. ಉದ್ದನೆಯ ನಂಬರಿನ ಟೋಕನ್ ಮಾಡುವ ವಿದ್ಯೆ ಇರಲಿಲ್ಲವೇ? ಇತ್ತು. ಇಂಟೆಲ್ ಕಂಪೆನಿಯ ಪೆಂಟಿಯಂ ಪ್ರೊ 1995ರಲ್ಲಿಯೇ 36 ಬಿಟ್ಟಿನ ನಂಬರಿನಿಂದ 64 ಜಿಬಿಯವರೆಗೆ ಕರೆಯಬಲ್ಲುದಾಗಿತ್ತು. ದೊಡ್ಡ ಕಚೇರಿಗಳಿಗೆ ಮಾರುತ್ತಿದ್ದ 32 ಬಿಟ್ ವಿಂಡೋಸ್ ಸರ್ವರುಗಳಲ್ಲಿ ಕೆಲವು ಈ ಸೌಕರ್ಯವನ್ನು ಉಪಯೋಗಿಸುತ್ತಿದ್ದವು. ಮನೆಯವರಿಗೂ ಸಣ್ಣವರಿಗೂ ಮಾರಿದ 32 ಬಿಟ್ ವಿಂಡೋಸಿನಲ್ಲಿ ಮಾತ್ರ ನಾಲ್ಕಕ್ಕೆ ಬೀಗ ಹಾಕಿದರು. ಕಂಪೆನಿ ಕೊಟ್ಟ ಕಾರಣ, ಅನೇಕ ಕಾರ್ಡುಗಳ ಡ್ರೈವರುಗಳು ಉದ್ದನೆಯ ನಂಬರನ್ನು ಕಂಡರೆ ತಪ್ಪಿ ಬೀಳುತ್ತಿದ್ದವು ಎಂಬುದು. ಅದರಲ್ಲಿ ನಿಜವಿದೆ, ಇಲ್ಲವೆನ್ನಲಾರೆ. ಆದರೆ ವಿಂಡೋಸ್ 7ರಲ್ಲಿ ಏನು ಮಾಡಿದರು ನೋಡಿ. ಅತ್ಯಂತ ಅಗ್ಗದ ಸ್ಟಾರ್ಟರಿಗೆ ಎರಡೇ ಜಿಬಿ. 64 ಬಿಟ್ಟಿನದರಲ್ಲಿಯೂ ಹೋಮ್ ಬೇಸಿಕ್ ಎಂಬುದಕ್ಕೆ 8, ಹೋಮ್ ಪ್ರೀಮಿಯಮ್ಮಿಗೆ 16, ಪ್ರೊಫೆಷನಲ್ಲಿಗೆ 192. ಯಂತ್ರ ಒಂದೇ, ಕೊಟ್ಟ ಕಾಸಿಗೆ ತಕ್ಕಂತೆ ಬೇಲಿ. ಫ್ಯಾಮಿಲಿ ರೂಮಿನವರಿಗೆ ಒಂದು ಸಾಂಬಾರು, ಹೊರಗಿನ ಬೆಂಚಿನವರಿಗೆ ಇನ್ನೊಂದು ಎಂಬ ಹಾಗೆ! ಅಂಗಡಿಗೆ ಹೋದಾಗ ಯಾವ ವಿಂಡೋಸ್ ಎಂದು ಮಾತ್ರವಲ್ಲ, ಯಾವ ದರ್ಜೆಯದು ಎಂದೂ ಕೇಳಬೇಕಾದ್ದು ಇದಕ್ಕಾಗಿ.

ನಮ್ಮ ಯಂತ್ರದ ಮಟ್ಟಿಗೆ ಪರಿಹಾರ ಸುಲಭವಾಗಿಯೇ ಇತ್ತು. ಅದರ ಪ್ರೊಸೆಸರ್ 64 ಬಿಟ್ಟಿನದೇ. ಮೊದಲಿನ ಆಫೀಸಿನವರು ಅದರ ಮೇಲೆ 32 ಬಿಟ್ಟಿನ ವಿಂಡೋಸ್ 7 ಹಾಕಿಸಿಕೊಂಡಿದ್ದರು, ಅಷ್ಟೇ. ಹಳೆಯದರ ಮೇಲೆಯೇ 64 ಬಿಟ್ಟಿನದನ್ನು ಏರಿಸಲು ಬರುವುದಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕು. ಆದಕಾರಣ ಮೊದಲು ನಮ್ಮ ಲೆಕ್ಕಪತ್ರಗಳನ್ನೆಲ್ಲ ಎರಡು ಪೆನ್‌ಡ್ರೈವುಗಳಿಗೆ ಇಳಿಸಿದೆವು. ಒಂದಕ್ಕೆ ಬೇಡ, ಎರಡಕ್ಕೆ. ವಿಂಡೋಸ್ 7ಕ್ಕೆ ಕಂಪೆನಿಯ ಆಸರೆ 2020ರ ಜನವರಿ 14ಕ್ಕೇ ಮುಗಿದಿತ್ತು; ಕ್ರೋಮ್ ಬ್ರೌಸರ್ ಕೂಡ 2023ರ ಆರಂಭದಿಂದ ಅದಕ್ಕೆ ಹೊಸ ಆವೃತ್ತಿ ಕೊಡುತ್ತಿಲ್ಲ. ವಿಂಡೋಸ್ 10ರ ಆಸರೆಯೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬರುವುದು 64 ಬಿಟ್ಟಿನಲ್ಲಿ ಮಾತ್ರ; ಆದರೆ ನಮ್ಮಂಥ ಹಳೆಯ ಯಂತ್ರವನ್ನು ಅದು ಹತ್ತಿರ ಸೇರಿಸುವುದಿಲ್ಲ. ಹುಡುಗಿ ಲಿನಕ್ಸ್ ಹಾಕೋಣವೆಂದಳು. ದುಡ್ಡಿಲ್ಲ, ಲೈಸೆನ್ಸಿನ ರಗಳೆಯಿಲ್ಲ. ನನಗಿದ್ದ ಒಂದೇ ಅನುಮಾನ ಕನ್ನಡದ್ದು. ನಾಡಿನ ಕೆ.ಪಿ. ರಾಯರು ರೂಪಿಸಿ, ಮುಂದೆ ಗಣಕ ಪರಿಷತ್ತಿನ ಮೂಲಕ ಎಲ್ಲರ ಬೆರಳಿಗೆ ಹತ್ತಿದ ಆ ಕೀಲಿಮಣೆಯ ಜೋಡಣೆ ಅದರಲ್ಲಿಯೂ ಇದೆಯೆಂದು ತೋರಿಸಿದಳು. ನಾನು ಒಪ್ಪಿದೆ. ಮಾರನೆಯ ದಿನ ಯಂತ್ರ ಎದ್ದಾಗ ಬಳಕೆಗೆ ಸಿಕ್ಕಿದ್ದು 7.7. ಉಳಿದದ್ದನ್ನು ಚಿತ್ರ ತೋರಿಸುವ ಭಾಗವೂ ವ್ಯವಸ್ಥೆಯೂ ತೆಗೆದುಕೊಳ್ಳುತ್ತವೆ. ಅಷ್ಟು ಕಡಿಮೆ ಕಂಡರೆ ಯಾರೂ ಗಾಬರಿಯಾಗಬೇಕಾಗಿಲ್ಲ.

ಇಷ್ಟಾದ ಮೇಲೆ ನನಗೆ ಎಲ್ಲ ತಿಳಿಯಿತೆಂಬ ಜಂಬ ಬಂತು. ವಿಜಯವಾಡಕ್ಕೆ ಇಳಿದೆ. ಅಲ್ಲಿಯ ಯಂತ್ರವೂ ಇದೇ ರೋಗದ್ದು. ನಾಲ್ಕು ನಾಲ್ಕರ ಎರಡು ಸ್ಟಿಕ್ ಇದ್ದರೂ ನಾಲ್ಕೇ ತೋರಿಸುತ್ತಿತ್ತು. "ಇದಕ್ಕೂ 64 ಬಿಟ್ ಹಾಕಿದರಾಯಿತು" ಎಂದು ಗತ್ತಿನಿಂದ ಹೇಳಿದೆ. ಹುಡುಗಿ ನಕ್ಕಳು. "ದೊಡ್ಡಪ್ಪ, ಇದರಲ್ಲಿ 64 ಬಿಟ್ಟೇ ಇದೆ. ಅಲ್ಲಿ ಯಂತ್ರ ಎಂಟು ಹಾಕಿದೆ ಎಂದಾದರೂ ಹೇಳುತ್ತಿತ್ತು. ಇಲ್ಲಿ ಹಾಕಿದ್ದೇ ನಾಲ್ಕು ಎನ್ನುತ್ತಿದೆ."

ಈ ವ್ಯತ್ಯಾಸವನ್ನು ಓದುಗರು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಹಾಕಿದ್ದನ್ನು ಪೂರ್ತಿ ಒಪ್ಪಿಕೊಂಡು, ಬಳಕೆಗೆ ಕಡಿಮೆ ತೋರಿಸಿದರೆ ತೊಂದರೆ ಇರುವುದು ಹೆಚ್ಚಾಗಿ ವ್ಯವಸ್ಥೆಯಲ್ಲಿ ಅಥವಾ ಬಯೋಸಿನ ಕಟ್ಟಳೆಯಲ್ಲಿ. ಹಾಕಿದ್ದನ್ನೇ ಒಪ್ಪದಿದ್ದರೆ ತೊಂದರೆ ಸ್ಟಿಕ್ಕಿನಲ್ಲಿ, ಸ್ಲಾಟಿನಲ್ಲಿ ಅಥವಾ ಬೋರ್ಡಿನಲ್ಲಿ. ಮೊದಲನೆಯದಕ್ಕೆ ಮುಚ್ಚಳ ತೆಗೆಯಬೇಕಾಗಿಲ್ಲ, ಎರಡನೆಯದಕ್ಕೆ ತೆಗೆಯದೆ ಗತಿಯಿಲ್ಲ.

ವಿಜಯವಾಡದ ಯಂತ್ರಕ್ಕೆ ಒಂದು ಇತಿಹಾಸವಿತ್ತು. 2024ರ ಸೆಪ್ಟೆಂಬರ್ ಆರಂಭದ ಆ ದಿನಗಳನ್ನು ಅಲ್ಲಿದ್ದವರು ಯಾರೂ ಮರೆತಿರಲಾರರು. ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ಸ್‌ಗೂ ಮಿಕ್ಕಿ ಹರಿಯುತ್ತಿದ್ದಳು. ಇತ್ತ ಬುಡಮೇರು ಕಟ್ಟೆಯೊಡೆದು ಅಜಿತ್ ಸಿಂಗ್ ನಗರದ ಕಡೆಯೆಲ್ಲ ದಿನಗಟ್ಟಲೆ ನೀರು ನಿಂತಿತ್ತು. ನಮ್ಮ ಕೋಣೆಯೂ ಅಲ್ಲಿಯೇ. ಮೇಜಿನ ಮೇಲಿದ್ದ ಯಂತ್ರ ಮುಳುಗಲಿಲ್ಲ; ಆದರೆ ಹತ್ತು ದಿನ ಆ ತೇವದಲ್ಲಿ ಕುಳಿತಿತ್ತು. ತರುವಾಯ ಅದು ಹೊತ್ತಿಕೊಂಡಿತಾದರೂ ಅಂದಿನಿಂದ ನಾಲ್ಕೇ ತೋರಿಸುತ್ತಿತ್ತಂತೆ. ಒಂದು ಅಂಗಡಿಯಲ್ಲಿ ತೋರಿಸಿದಾಗ ಮದರ್‌ಬೋರ್ಡ್ ಹೋಗಿದೆ, ಹೊಸ ಯಂತ್ರವೇ ಒಳ್ಳೆಯದು ಎಂದು ಇಪ್ಪತ್ತೆಂಟು ಸಾವಿರದ ಅಂದಾಜು ಬರೆದುಕೊಟ್ಟಿದ್ದರು. ಮುಚ್ಚಳ ತೆಗೆದು ನೋಡಿದ್ದರೋ ಇಲ್ಲವೋ, ಆ ಕಾಗದದಿಂದ ತಿಳಿಯುವುದಿಲ್ಲ.

ನಾವು ತೆಗೆದೆವು. ಮೊದಲು ವೈರನ್ನು ಗೋಡೆಯಿಂದ ಕಿತ್ತು, ಆಮೇಲೂ ಗುಂಡಿಯನ್ನು ಒಂದು ಸಲ ಒತ್ತಿ ಒಳಗಿದ್ದ ವಿದ್ಯುತ್ತನ್ನು ಇಳಿಸಿದೆವು. ಪೆಟ್ಟಿಗೆಯ ಕಬ್ಬಿಣವನ್ನು ಮುಟ್ಟಿ ಮೈಯಲ್ಲಿರತಕ್ಕ ವಿದ್ಯುತ್ತನ್ನೂ ಕಳೆದುಕೊಂಡೆವು. ಹಿಂಭಾಗದಲ್ಲಿರುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ವೈರು ಕಿತ್ತ ಮೇಲೆಯೂ ಅದರೊಳಗೆ ಜೀವ ತೆಗೆಯುವಷ್ಟು ಇರಬಹುದು. ಸ್ಟಿಕ್ಕುಗಳ ಎರಡು ತುದಿಯ ಹಿಡಿಕೆಗಳನ್ನು ಹೊರಗೆ ಸರಿಸಿದಾಗ ಅವು ತಾವೇ ಮೇಲೆದ್ದವು. ಒಂದರ ಚಿನ್ನದ ಬಣ್ಣದ ಹಲ್ಲುಗಳು ಥಳಥಳ ಎನ್ನುತ್ತಿದ್ದವು. ಇನ್ನೊಂದರವು ಹಳೆಯ ತಾಮ್ರದ ಚೆಂಬಿನಂತೆ ಮಂಕಾಗಿದ್ದವು. ಮಕ್ಕಳು ಪೆನ್ಸಿಲಿನ ಬರಹ ಅಳಿಸುವ ಬಿಳಿಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಕುಂಚದಿಂದ ತೆಗೆದೆವು. ಸ್ಲಾಟಿನೊಳಗಿನ ಧೂಳನ್ನೂ ತೆಗೆದೆವು. ಬಾಯಿಯಿಂದ ಊದಕೂಡದು, ಉಗುಳಿನ ಹನಿ ಬೀಳುತ್ತದೆ.

ಮರಳಿ ಹಾಕಿದರೂ ನಾಲ್ಕೇ! ನನಗೆ ಎದೆ ಕುಸಿಯಿತು. ಇಪ್ಪತ್ತೆಂಟು ಸಾವಿರ ಕಣ್ಣ ಮುಂದೆ ಬಂತು. ಹುಡುಗಿ ಮಾತ್ರ ಧೃತಿಗೆಡಲಿಲ್ಲ. ಒಂದೇ ಸ್ಟಿಕ್ಕನ್ನು ಮೊದಲನೆಯ ಸ್ಲಾಟಿನಲ್ಲಿ ಹಾಕಿ ಎಬ್ಬಿಸಿದಳು, ಎದ್ದಿತು. ಅದನ್ನು ತೆಗೆದು ಎರಡನೆಯ ಸ್ಟಿಕ್ಕನ್ನು ಅದೇ ಸ್ಲಾಟಿನಲ್ಲಿ ಹಾಕಿದಳು, ಅದೂ ಎದ್ದಿತು. ಅಂದರೆ ಸ್ಟಿಕ್ಕುಗಳೆರಡೂ ಗಟ್ಟಿ. ಈಗ ಎರಡನೆಯ ಸ್ಲಾಟಿಗೆ ಒಂದನ್ನು ಹಾಕಿದರೆ ಪರದೆ ಕಪ್ಪು. ಹಾಗಾದರೆ ದೋಷ ಸ್ಲಾಟಿನಲ್ಲಿ. ಟಾರ್ಚು ಹಿಡಿದು ನೋಡಿದಾಗ ಒಳಗೆ ಹಸಿರು ಕಿಲುಬು ಕಂಡಿತು. ಅಂಗಡಿಯಿಂದ ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿ ತಂದು ಸಿಂಪಡಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಮಾರನೆಯ ದಿನ ಸ್ಟಿಕ್ಕನ್ನು ನಾಲ್ಕೈದು ಸಲ ಹಾಕಿ ತೆಗೆದು, ಎರಡು ಕಡೆಯ ಹಿಡಿಕೆಯೂ ಟಕ್ಕೆಂದು ಕೂರುವಂತೆ ಒತ್ತಿದಳು. ಎಂಟು ಬಂತು. ಈ ಕಿಲುಬು ಮತ್ತೆ ಮರಳಬಹುದು. ಯಂತ್ರ ಚಿರಂಜೀವಿಯೆಂದು ನಾನು ಹೇಳುತ್ತಿಲ್ಲ. ಆದರೆ ಇಪ್ಪತ್ತೆಂಟು ಸಾವಿರದ ಖರ್ಚು ಇಂದಿಗೆ ತಪ್ಪಿತು. ಸಮುದ್ರದ ದಂಡೆಯಲ್ಲಿರುವ ವಿಶಾಖಪಟ್ಟಣದವರೂ ಮುಂಬಯಿಯವರೂ ಇದನ್ನು ನೆನಪಿಡಲಿ: ಉಪ್ಪುಗಾಳಿಗೆ ನೆರೆ ಬೇಕಾಗಿಲ್ಲ, ಅದು ದಿನವೂ ಹಲ್ಲುಗಳನ್ನು ಮಂಕು ಮಾಡುತ್ತಲೇ ಇರುತ್ತದೆ.

ಇವೆರಡರಿಂದಲೂ ಬಗೆಹರಿಯದಿದ್ದರೆ ನೋಡಬೇಕಾದ ಇನ್ನೂ ಕೆಲವು ಜಾಗಗಳಿವೆ. ವಿಂಡೋಸಿನಲ್ಲಿ ಎಂಎಸ್‌ಕಾನ್ಫಿಗ್ ಎಂದು ಟೈಪು ಮಾಡಿ ಬೂಟ್ ಎಂಬಲ್ಲಿ ಒಳಹೊಕ್ಕರೆ ಗರಿಷ್ಠ ಮೆಮೊರಿ ಎಂಬ ಒಂದು ಚೌಕವಿರುತ್ತದೆ. ಯಾರೋ ಬುದ್ಧಿವಂತರು ಯಂತ್ರ ವೇಗವಾಗಲೆಂದು ಅಲ್ಲಿ ಗುರುತು ಹಾಕಿಟ್ಟಿರುತ್ತಾರೆ. ಅದರಿಂದ ವೇಗವಾಗುವುದಿಲ್ಲ, ಕಟ್ಟೆ ಚಿಕ್ಕದಾಗುತ್ತದೆ. ಗುರುತು ತೆಗೆಯಿರಿ. ಕೆಲವು ಹಳೆಯ ಬೋರ್ಡುಗಳ ಬಯೋಸಿನಲ್ಲಿ ಮೆಮೊರಿ ರೀಮ್ಯಾಪ್ ಎಂಬ ಕಟ್ಟಳೆ ಮುಚ್ಚಿರುತ್ತದೆ. ಅದನ್ನು ತೆರೆಯಬೇಕು, ಆಗಲೇ ಕಾರ್ಡುಗಳು ಕಬಳಿಸಿದ ನಂಬರುಗಳ ಹಿಂದಿನ ಮೆಮೊರಿ ಮೇಲಿನ ನಂಬರುಗಳಿಗೆ ಹೋಗಿ ಕಾಣಿಸಿಕೊಳ್ಳುತ್ತದೆ. ಇನ್ನು ಬೋರ್ಡಿಗೇ ಒಂದು ಮಿತಿಯಿರಬಹುದು. ಒಂದು ಸ್ಲಾಟಿಗೆ ನಾಲ್ಕಕ್ಕಿಂತ ದೊಡ್ಡ ಸ್ಟಿಕ್ಕನ್ನು ಒಪ್ಪದ ಹಳೆಯ ಬೋರ್ಡುಗಳುಂಟು. ಬೋರ್ಡಿನ ಮೇಲೆ ಅಚ್ಚಾದ ಹೆಸರನ್ನು ಬರೆದುಕೊಂಡು ಅದನ್ನು ಮಾಡಿದ ಕಂಪೆನಿಯ ಪಟ್ಟಿಯಲ್ಲಿ ನೋಡಿದರೆ ಮಿತಿ ತಿಳಿಯುತ್ತದೆ, ಕೊಳ್ಳುವ ಮೊದಲೇ. ಡಿಡಿಆರ್3ರ ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ಕೆಳಗಿನ ಕಚ್ಚು ಬೇರೆ ಕಡೆಗಿರುತ್ತದೆ. ಬಲ ಹಾಕಿ ಕೂರಿಸಲು ಹೋದರೆ ಎರಡೂ ಮುರಿಯುತ್ತವೆ.

ಈಗ ನಮ್ಮಲ್ಲಿಯ ಭಿನ್ನಾಭಿಪ್ರಾಯಕ್ಕೆ ಬರುತ್ತೇನೆ. ಇದಕ್ಕಾಗಿಯೇ ಇಷ್ಟು ಉದ್ದ ಬರೆದದ್ದು.

ಕಳೆದ ಸಭೆಯಲ್ಲಿ ಕೆಲವು ಹಿರಿಯರು, ಕೂಲಿಕಾರರಾದ ನಾವು ಯಂತ್ರದ ಮುಚ್ಚಳ ತೆಗೆಯುವುದು ಸಾಹಸ, ಅದು ಬಲ್ಲವರ ಕೆಲಸ ಎಂದರು. ಇನ್ನು ಕೆಲವು ತರುಣರು, ಹಳೆಯದನ್ನು ಎಷ್ಟು ದಿನ ತಿಕ್ಕುವುದು, ವರ್ಗಣಿ ಎತ್ತಿ ಹೊಸದನ್ನು ತನ್ನಿ ಎಂದರು. ಎರಡೂ ಕಡೆಯವರ ಮಾತನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ಬಲ್ಲವರ ಕೆಲಸವೆಂಬುದು ನಿಜ. ಆದರೆ ಬಲ್ಲವರು ಹುಟ್ಟಿನಿಂದ ಬಲ್ಲವರಲ್ಲ. ಇಪ್ಪತ್ತು ಲೀಟರಿನ ಗ್ರೈಂಡರನ್ನೂ ಬಾಯ್ಲರನ್ನೂ ಬಿಚ್ಚಿ ಜೋಡಿಸುವ ಕೈಗಳಿಗೆ ಎರಡು ಹಿಡಿಕೆ ಸರಿಸುವುದು ಅಸಾಧ್ಯವೆಂದರೆ ಯಾರು ನಂಬುತ್ತಾರೆ? ಎಲ್ಲರೂ ಎಲ್ಲವನ್ನೂ ಬಿಚ್ಚಬೇಕೆಂದು ನಾನು ಹೇಳುವುದಿಲ್ಲ. ಎಷ್ಟು ಇದೆ, ಎಷ್ಟು ಕಾಣುತ್ತಿದೆ ಎಂಬ ಎರಡು ಅಂಕಿಗಳನ್ನು ಓದಲು ಎಲ್ಲರಿಗೂ ಬರಲೇಬೇಕು.

ಹೊಸದು ಬೇಕೆನ್ನುವ ತರುಣರಿಗೆ ಇನ್ನೊಂದು ಮಾತು. ಮೆಮೊರಿಯ ಬೆಲೆ 2025ರ ಕೊನೆಯಲ್ಲಿ ಏರಿದ್ದು ನಮ್ಮ ಪೇಟೆಯ ವರ್ತಕರ ಆಸೆಯಿಂದ ಮಾತ್ರವಲ್ಲ. ಕೃತಕ ಬುದ್ಧಿಯ ದೊಡ್ಡ ಯಂತ್ರಶಾಲೆಗಳು ಜಗತ್ತಿನ ಮೆಮೊರಿಯನ್ನು ಸಗಟಾಗಿ ಎತ್ತಿಕೊಳ್ಳುತ್ತಿವೆ. ತಯಾರಕರೂ ಸಣ್ಣ ಗಿರಾಕಿಯನ್ನು ಬಿಟ್ಟು ಆ ಕಡೆಗೆ ತಿರುಗಿದ್ದಾರೆ. 2025ರ ಅಕ್ಟೋಬರ್ 14ರಂದು, ಅಂದರೆ ವಿಂಡೋಸ್ 10ರ ಆಸರೆ ಮುಗಿದ ಅದೇ ದಿನ, ಗೂಗಲ್ ಕಂಪೆನಿ ನಮ್ಮ ವಿಶಾಖಪಟ್ಟಣದಲ್ಲಿಯೇ ಅಂಥದೊಂದು ಕೇಂದ್ರಕ್ಕೆ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹಾಕುವುದಾಗಿ ಪ್ರಕಟಿಸಿತು. ಊರಿಗೆ ಉದ್ಯೋಗ ಬಂದರೆ ಸಂತೋಷವೇ. ನಮ್ಮ ಹೋಟೆಲುಗಳಿಗೂ ನಾಲ್ಕು ಜನ ಹೆಚ್ಚು ಬಂದಾರು. ಆದರೆ ಆ ಗಾತ್ರದ ಗಿರಾಕಿಗಳು ಕೊಳ್ಳುವ ಸಂತೆಯಲ್ಲಿ ನಾವೂ ನಿಂತಿದ್ದೇವೆಂಬುದನ್ನು ಮರೆಯಕೂಡದು. ಹೊಸದನ್ನು ಕೊಳ್ಳುವ ಮೊದಲು, ಇದ್ದ ಪೆಟ್ಟಿಗೆಯೊಳಗೆ ಕಾಣದೆ ಕುಳಿತಿರುವುದನ್ನು ಹೊರಡಿಸಿಕೊಳ್ಳುವುದು ಜಿಪುಣತನವಲ್ಲ.

ಇನ್ನು ಭಟ್ಟರ ವಿಷಯ. ಎಂಟು ಜಿಬಿ ಪೂರ್ತಿ ಎದ್ದ ವಾರದಲ್ಲಿಯೇ ಅವರ ಹಳೆಯ ಖಾತೆಯನ್ನು ಹೊಸದಕ್ಕೆ ಸೇರಿಸುವ ಅರ್ಜಿಯನ್ನು ನಮ್ಮ ಕೋಣೆಯಿಂದಲೇ ಹಾಕಿದೆವು. ಹಳೆಯ ಖಾತೆಯಲ್ಲಿ ಅವರ ಹೆಸರು ತೆಲುಗಿನ ಕ್ರಮದಲ್ಲಿ, ಮನೆತನದ ಹೆಸರು ಮುಂದಾಗಿ ಬಿದ್ದಿದೆ, ಆಧಾರಿನಲ್ಲಿ ಹಿಂದಾಗಿದೆ. ಅದನ್ನು ಸರಿಪಡಿಸುವ ಕಾಗದ ಹಳೆಯ ಯಜಮಾನರ ರುಜುವಿಗೆ ಕಾದಿದೆ. ಮೊನ್ನೆ ಭಟ್ಟರು ಪರದೆಯನ್ನೇ ದಿಟ್ಟಿಸಿ, "ಅಲ್ಲ ಮಾರಾಯ್ರೆ, ಈ ಪೆಟ್ಟಿಗೆಗೆ ಹಾಕಿದ್ದು ಎಷ್ಟು, ಕಂಡದ್ದು ಎಷ್ಟು ಅಂತ ಬರೆಯುವ ಜಾಗ ಉಂಟು. ನನ್ನ ಹನ್ನೆರಡು ವರ್ಷ ಬರೆಯುವ ಜಾಗ ಎಲ್ಲುಂಟು?" ಎಂದು ಕೇಳಿದರು. ನಾನು ಉತ್ತರ ಹೇಳಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ ದುಡಿಯುತ್ತಿರುವ ಹುಡುಗರು ಇಂದಿಗೂ ನಮ್ಮ ಅಡಿಗೆಮನೆಗಳಲ್ಲಿದ್ದಾರೆ. ಅವರು ತಮ್ಮ ಯುಎಎನ್ ನಂಬರನ್ನು ಈಗಲೇ ಕೇಳಿ ಪಡೆಯಲಿ, ಪಾಸ್‌ಬುಕ್ಕನ್ನು ಎರಡು ತಿಂಗಳಿಗೊಮ್ಮೆ ತೆರೆದು ನೋಡಲಿ. ನೋಡುವುದಕ್ಕೆ ಯಂತ್ರ ಬೇಕಾದರೆ ನಮ್ಮ ಎರಡು ಕೋಣೆಗಳೂ ರವಿವಾರ ಮಧ್ಯಾಹ್ನದ ಬಿಡುವಿನಲ್ಲಿ, ಮೂರರಿಂದ ಐದರವರೆಗೆ ತೆರೆದಿರುತ್ತವೆ.

ಮುಂದಿನ ಸಭೆಗೆ ನಾನು ಎರಡು ಸೂಚನೆಗಳನ್ನು ಬರೆದು ಕಳುಹಿಸಿದ್ದೇನೆ. ಪ್ರತಿ ಶಾಖೆಯಲ್ಲಿ ಇಬ್ಬರು ಸದಸ್ಯರು, ಒಬ್ಬರು ತರುಣರು ಒಬ್ಬರು ಹಿರಿಯರು, ಯಂತ್ರದ ಉಸ್ತುವಾರಿ ಕಲಿಯಬೇಕು. ಕಲಿಸಲು ಆ ಹುಡುಗಿ ಒಪ್ಪಿದ್ದಾಳೆ, ಪರೀಕ್ಷೆ ಮುಗಿದ ಮೇಲೆ. ಎರಡನೆಯದು, ರಿಪೇರಿಗಾಗಲಿ ಬಿಡಿಭಾಗಕ್ಕಾಗಲಿ ಹಣ ಕೊಡುವ ಮೊದಲು ಯಂತ್ರವನ್ನು ಎಬ್ಬಿಸಿ, ಹಾಕಿದ್ದೆಷ್ಟು ಬಳಕೆಗೆ ಸಿಕ್ಕಿದ್ದೆಷ್ಟು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳಬೇಕು. ನಾನು ದಂಡ ತೆತ್ತ ಹತ್ತೊಂಬತ್ತು ನೂರು ರೂಪಾಯಿಯನ್ನು ಸಂಘದ ಲೆಕ್ಕಕ್ಕೆ ಹಾಕಿಲ್ಲ, ನನ್ನ ಕೈಯಿಂದಲೇ ಹಾಕಿದ್ದೇನೆ. ಆ ಸ್ಟಿಕ್ ಈಗ ವಿಶಾಖಪಟ್ಟಣದ ಯಂತ್ರದಲ್ಲಿ ಕೆಲಸ ಮಾಡುತ್ತಿರುವುದರಿಂದ ಖಜಾಂಚಿಗಳು ಅದನ್ನು ದೇಣಿಗೆಯೆಂದು ಬರೆದುಕೊಂಡರೆ ಆಕ್ಷೇಪವಿಲ್ಲ. ಸೂಚನೆಗಳಿಗೆ ವಿರೋಧವಿರುವವರು ಸಭೆಗೆ ಬಂದು ಹೇಳಲಿ.